ನೀಲಿಗಟ್ಟಿದ ಬೆನ್ನು

ನನ್ನ ತಮ್ಮ ಮಲಗಿದಲ್ಲೇ ಸತ್ತ. ಮೂವತ್ತಮೂರು ವಯಸ್ಸು. ಕ್ವಿಂಟಲ್ ತೂಕದ ತೊಗರಿ ಚೀಲವನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು ಟ್ರಾಲಿಗೆ ಏರಿಸುವವ. ಕುಡಿತವಿಲ್ಲ, ಬೀಡಿಯಿಲ್ಲ, ನೆಗಡಿಗೆ ಒಂದು ಗುಳಿಗೆ ನುಂಗಿದ್ದು ನಾನು ಕಂಡಿಲ್ಲ. ಮಣ್ಣು ಮಾಡಿ ಮೂರು ದಿನ ತುಂಬುವುದರೊಳಗೆ, ಅವನು ಯಾಕೆ ಸತ್ತ ಎಂಬುದು ನಮ್ಮೂರು ಕೊಳಕೂರಿನಲ್ಲಿ ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಾಗಿತ್ತು.

ಸಾವಿನ ಮನೆಗೆ ಮಂದಿ ಬರುವುದಕ್ಕೆ ನಮ್ಮಲ್ಲಿ ‘ಮಾತಾಡಿಸಲು ಬರುವುದು’ ಎನ್ನುತ್ತಾರೆ. ಬಂದವರು ಮನೆಯವರನ್ನು ಮಾತಾಡಿಸಿದ್ದು ಕಡಿಮೆ, ತಮ್ಮತಮ್ಮಲ್ಲೇ ಮಾತಾಡಿಕೊಂಡದ್ದು ಹೆಚ್ಚು. ಕಟ್ಟೆಯ ಮೇಲೆ ಸಾಲಾಗಿ ಕೂತು, ಚಹಾ ಕುಡಿದ ಲೋಟವನ್ನು ಪಕ್ಕಕ್ಕಿಟ್ಟು, ಅದರ ಮೇಲೆ ನೊಣ ಕೂತಿದ್ದನ್ನೂ ನೋಡದೆ ಮಾತಿಗೆ ಬೀಳುವುದು.

“ಉತ್ತರಕ್ಕ ತಲಿ ಮಾಡಿ ಮಲಗಿದ್ನಂತಲ್ಲ?”

“ತಲಿದು ಏನೂ ಅಲ್ಲಲೇ. ಆ ಹೊಲದಾಗ ಹಾಳು ಬಾವಿ ಅದ ನೋಡು, ಅಲ್ಲಿಂದ ದೆವ್ವ ಬಂದು ಎದಿ ಮ್ಯಾಲ ಕೂತದ. ನಮ್ಮ ಅಜ್ಜಗೂ ಒಮ್ಮೆ ಕೂತಿತ್ತು.”

“ನಿಮ್ಮ ಅಜ್ಜನ ಎದಿ ಮ್ಯಾಲ ಕೂತಿದ್ದು ನಿಮ್ಮ ಅಜ್ಜಿ ಇರಬೇಕು ಬಿಡೋ.”

ಅದಕ್ಕೊಂದು ನಗೆ. ನಕ್ಕು, ಸತ್ತವನ ಮನೆ ಎಂದು ನೆನಪಾಗಿ, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಮತ್ತೆ ಮುಖ ಸಣ್ಣ ಮಾಡುವುದು. ಒಬ್ಬ ಕೊರೊನಾ ಸೂಜಿ ಎಂದ. ಇನ್ನೊಬ್ಬ ಹೊಟ್ಟೆ ತುಂಬ ಉಂಡು ಬೋರಲು ಮಲಗಿದ್ದು ಎಂದ. ಗುಟ್ಕಾ ಜಗಿಯುತ್ತಿದ್ದವನೊಬ್ಬ ನಮ್ಮ ಗೋಡೆಯ ಬುಡಕ್ಕೆ ಪಿಚಕ್ಕನೆ ಉಗಿದು, ಒಳಗೆ ಹೆಂಗಸರು ಕೂತಿದ್ದ ಕಡೆಗೊಮ್ಮೆ ನೋಡಿ, ದನಿ ಇಳಿಸಿ ಹೇಳಿದ:

“ಬ್ಯಾನಿ ಇಲ್ಲದವ ತಾನಾಗೇ ಹ್ಯಾಂಗ ಸಾಯ್ತಾನಪಾ? ಯಾರರ ಸಾಯ್ಸಿರಬೇಕಲ್ಲ.”

ಆ ಕೆಂಪು ಉಗುಳನ್ನು ಸಂಜೆ ನಾನೇ ನೀರು ಹಾಕಿ ತೊಳೆದೆ. ಕಲೆ ಹೋಗಲಿಲ್ಲ. ಹೇಸಿಗೆಯಿಂದ ನನಗೆ ಆ ದಿನ ಅನ್ನ ಇಳಿಯಲಿಲ್ಲ. ಆದರೆ ಅವನ ಕಾಲರ್ ಹಿಡಿದು ಕಟ್ಟೆಯಿಂದ ಕೆಳಗಿಳಿಸುವುದು ನನ್ನ ಕೈಯಲ್ಲಿತ್ತು, ಇಳಿಸಲಿಲ್ಲ. ಯಾಕೆಂದರೆ ಆ ಮಾತು ಹುಟ್ಟಿದ್ದು ಅವನ ಬಾಯಲ್ಲಲ್ಲ. ನನ್ನ ಕಣ್ಣೆದುರಿಗೆ, ನಾನು ಸುಮ್ಮನಿದ್ದಾಗ ಹುಟ್ಟಿದ್ದು ಅದು.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಜೇವರ್ಗಿಯಲ್ಲಿ ನನ್ನದು ನೀರೆತ್ತುವ ಮೋಟರ್ ರಿಪೇರಿಯ ಅಂಗಡಿ. ಸುಟ್ಟ ಮೋಟರಿನ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ, ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದೇನೆ. ಇಂಜಿನಿಯರುಗಳು ಕೈಬಿಟ್ಟ ಮೋಟರುಗಳು ನನ್ನ ಕೈಯಲ್ಲಿ ಎದ್ದು ಕೂತಿವೆ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ರೈತರು ಮೋಟರ್ ಇಳಿಸುವ ಮೊದಲೇ ಕಾರಣವನ್ನೂ ಇಳಿಸುತ್ತಾರೆ. ಕರೆಂಟ್ ಕಮ್ಮಿ ಇತ್ತು, ಉಸುಕು ಹೊಕ್ಕಿತ್ತು, ಯಾರದೋ ಕಣ್ಣು ಬಿದ್ದಿತ್ತು. ನಾನು ಒಂದೇ ಮಾತು ಹೇಳುವವ: “ಬಿಚ್ಚಿ ನೋಡ್ತೇನಿ. ಅಲ್ಲೀತನಕ ನೀ ಬಾಯಿ ಮುಚ್ಚು.” ಬಿಚ್ಚದೆ ಕಾರಣ ಹೇಳುವ ಮೇಸ್ತ್ರಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಮ್ಮ ತನ್ನ ಹೆಂಡತಿ, ಮಗಳ ಜೊತೆ ಹೊಲದ ಮನೆಯಲ್ಲಿರುತ್ತಿದ್ದ. ಕಬ್ಬಿಗೆ ನೀರು ಬಿಡಲು ಬೇಕಾದ ತ್ರಿಫೇಸ್ ಕರೆಂಟ್ ಯಾವಾಗ ಬರುತ್ತದೋ ಹೇಳಲು ಬರುವುದಿಲ್ಲ. ಅದಕ್ಕೆ ನಾನು ಒಂದು ಗಂಟೆ ಮಾಡಿಕೊಟ್ಟಿದ್ದೆ. ಮೋಟರಿನ ಲೈನಿಗೆ ಜೋಡಿಸಿದರೆ ತ್ರಿಫೇಸ್ ಬಂದ ಕ್ಷಣ ತಾನಾಗಿ ಹೊಡೆದುಕೊಳ್ಳುತ್ತದೆ, ಶಾಲೆಯಲ್ಲಿ ಹೊಡೆಯುತ್ತದಲ್ಲ, ಅಂಥದು. ಅವನದು ಸತ್ತ ಹಾಗೆ ನಿದ್ದೆ. ಆದ್ದರಿಂದ ಅವನಿಗೆಂದೇ ದೊಡ್ಡದು ಹಾಕಿ, ತಲೆದಿಂಬಿನ ಮೇಲಿನ ಗೋಡೆಗೆ ನಾನೇ ಮೊಳೆ ಹೊಡೆದು ಕೂಡಿಸಿದ್ದೆ. ಆ ಗಂಟೆ ನೋಡಿ ಸುತ್ತಲಿನ ಊರುಗಳಿಂದ ಜನ ಬಂದು ಮಾಡಿಸಿಕೊಂಡು ಹೋದರು. ಹೆಮ್ಮೆಪಟ್ಟಿದ್ದೆ.

ಆ ದಿನ ಬೆಳಗಿನ ಐದಕ್ಕೆ ತಮ್ಮನ ಹೆಂಡತಿಯ ಫೋನ್ ಬಂತು. ಹೋಗಿ ನೋಡಿದರೆ ಮುಗಿದಿತ್ತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ಗಂಟಿ ಹೊಡೀತ್ರಿ ಭಾವಾರ. ಹೊಡದ ಕೂಡ್ಲೆ ಜಿಗದು ಏಳೋರಂಗ ಮಾಡಿದ್ರು, ಹಂಗೇ ಬಿದ್ರು. ಗೊರಗೊರ ಅಂತ ಉಸರಾಡಿದ್ರು. ಹೊಡದು ಎಬ್ಬಿಸಿದ್ರೂ ಏಳವಲ್ರು.”

ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಟೆ ಹೊಡೆದರೆ ಮನುಷ್ಯ ಏಳುತ್ತಾನೆ, ಸಾಯುತ್ತಾನೇನು?

ಹೆಣವನ್ನು ಊರ ಮನೆಗೆ ತಂದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಗೋಡೆಗೆ ಒರಗಿಸಿ, ಕಾಲು ಮಡಚಿ, ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಮಂದಿ ಕೂಡಿ, ಅಫಜಲಪುರ ಕಡೆಯಿಂದ ಸೋದರಮಾವ ಬರುವಷ್ಟರಲ್ಲಿ ಹನ್ನೊಂದಾಗಿ ಮೈ ಕಟ್ಟಿಗೆಯಾಗಿತ್ತು. ಹಿತ್ತಲಲ್ಲಿ ಬಿಸಿನೀರು ಹೊಯ್ದು ಹೊಯ್ದು ಮೊಣಕಾಲು ಮಡಚಬೇಕಾಯಿತು. ಒಂದು ಕಾಲು ನಾನು, ಒಂದು ಕಾಲು ಮಾವ. ಮಾವನ ಬಾಯಲ್ಲಿ ಎಲೆ ಅಡಿಕೆ; ಬಲ ಹಾಕಿದಾಗಲೆಲ್ಲ ಅದರ ರಸ ತುಟಿಯ ಮೂಲೆಯಲ್ಲಿ ಬಂದು ನಿಲ್ಲುತ್ತಿತ್ತು. ಆಮೇಲೆ ಮೈ ಎತ್ತಿ ಕೂಡಿಸಿದೆವು. ಬೆನ್ನು ಕಂಡಿತು.

ಸೊಂಟದಿಂದ ಹೆಗಲಿನವರೆಗೆ ನೀಲಿ. ಬದನೆಕಾಯಿ ಬಣ್ಣ. ನಡುನಡುವೆ ಹಾಸಿಗೆಗೆ ಒತ್ತಿದಲ್ಲಿ ಮಾತ್ರ ಬಿಳಿ ಬಿಳಿ.

ಮಾವ ನನ್ನ ಕಿವಿಯ ಹತ್ತಿರ ಬಂದ. ಅಡಿಕೆಯ ವಾಸನೆ. “ನೋಡಿದೇನು? ವಿಷ ಏರಿದ ಬಣ್ಣ ಇದು. ಆಕಿ ಏನೋ ಹಾಕ್ಯಾಳ.”

ನಾನು “ಶಾಲು ಹೊದಿಸು ಮಾಮಾ” ಎಂದೆ. ಅಷ್ಟೇ ಅಂದೆ. ಸುಳ್ಳು ಅನ್ನಲಿಲ್ಲ, ಬಾಯಿ ಮುಚ್ಚು ಅನ್ನಲಿಲ್ಲ. ನೀರು ಹಾಕುತ್ತಿದ್ದವರು ಇನ್ನಿಬ್ಬರು ಇದ್ದರು, ಅವರಿಗೂ ಕೇಳಿಸಿತು. ಹೆಣ ಹೊರಗಿನ ಪಡಸಾಲೆಗೆ ಬರುವ ಮೊದಲೇ ಮಾತು ಹೊರಗೆ ಹೋಗಿತ್ತು.

ಆ ಮಾತು ತಮ್ಮನ ಹೆಂಡತಿಯ ಕಿವಿಗೂ ಬಿತ್ತು. ಅತ್ತು ಕೂತಿದ್ದವಳು ಎದ್ದು, ಗಂಡಸರ ನಡುವೆ ಹಾದು ನನ್ನೆದುರಿಗೆ ಬಂದು ನಿಂತಳು. ತಲೆ ಮೇಲೆ ಸೆರಗಿರಲಿಲ್ಲ.

“ಭಾವಾರ, ಇವರನ್ನ ದವಾಖಾನಿಗಿ ಒಯ್ರಿ. ಕೊಯ್ದು ನೋಡ್ಲಿ. ಏನಾಗ್ಯಾದಂತ ಗೊತ್ತಾಗ್ಲಿ.”

ಪಡಸಾಲೆಯ ಮಂದಿಯೆಲ್ಲ ನನ್ನತ್ತ ತಿರುಗಿದರು.

“ನಮ್ಮ ಮನಿ ಹೆಣ ಕೊಯ್ಸೂದಿಲ್ಲ” ಎಂದೆ. “ಒಳಗ ನಡಿ.”

ಯಾಕೆ ಹಾಗೆ ಹೇಳಿದೆ? ಕೊಯ್ದು ಹೊಲಿದ ಮೈಯನ್ನು ಕೂಡಿಸುವುದು ಹೇಗೆ ಎಂದು ಆಮೇಲೆ ಕೇಳಿದವರಿಗೆ ಹೇಳಿದೆ. ಮಂದಿ ಒಪ್ಪಿದರು. ಖರೆ ಏನೆಂದರೆ ನನಗೆ ಹೆದರಿಕೆಯಾಗಿತ್ತು. ಕೊಯ್ದರೆ ವಿಷ ಸಿಕ್ಕೇ ಸಿಗುತ್ತದೆ, ಮನೆಯ ಹೆಸರು ಠಾಣೆಗೆ ಹೋಗುತ್ತದೆ ಎಂದು. ಅಂದರೆ ನಾನೂ ನಂಬಿದ್ದೆ. ವಿಷ ಹಾಕಿದವಳೇ ಕೊಯ್ದು ನೋಡಿ ಅನ್ನುತ್ತಾಳೆಯೇ ಎಂಬ ಇಷ್ಟು ಸಣ್ಣ ಲೆಕ್ಕ, ದಿನಾ ಮೋಟರ್ ಬಿಚ್ಚಿ ನೋಡುವ ನನ್ನ ತಲೆಗೆ ಹೊಳೆಯಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ರೊಟ್ಟಿ ಬಡಿದಳು. ಬಂದಿದ್ದ ಹೆಂಗಸರಲ್ಲಿ ಒಬ್ಬಳಿಗೆ ಉಪವಾಸ, ಒಬ್ಬಳಿಗೆ ಹಲ್ಲು ನೋವು, ಒಬ್ಬಳು ಈಗಷ್ಟೇ ಉಂಡು ಬಂದವಳು. ಯಾರೂ ಮುಟ್ಟಲಿಲ್ಲ. ನನ್ನ ತಾಟಿಗೂ ಬಿಸಿ ರೊಟ್ಟಿ ಬಿತ್ತು, ಮೇಲೆ ಪುಂಡಿಪಲ್ಲೆ. ಅವಳು ಅಲ್ಲೇ ನಿಂತು ನೋಡುತ್ತಿದ್ದಳು. “ಹೊಟ್ಟಿ ಸರಿ ಇಲ್ಲವ್ವಾ” ಎಂದು ಎದ್ದೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೆ ಆಗುವ ಹೇಸಿಗೆ ಆ ಗುಟ್ಕಾ ಉಗುಳಿಗೂ ಆಗಿರಲಿಲ್ಲ.

ಮರುದಿನ ಅವಳು ಏಳು ವರ್ಷದ ಮಗಳ ಕೈ ಹಿಡಿದು ತವರಿಗೆ, ಇಜೇರಿಗೆ ಹೊರಟಳು. ಯಾರೂ ತಡೆಯಲಿಲ್ಲ. ಅದನ್ನೂ ಮಂದಿ ಬಿಡಲಿಲ್ಲ: “ನೋಡ್ರಿ, ಓಡಿ ಹೋದ್ಳು.”

ಎರಡು ವರ್ಷ ಕಳೆಯಿತು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಪಿಯುಸಿ ಓದುವ ನನ್ನ ಮಗಳು ಅಂಗಡಿಗೆ ಬುತ್ತಿ ತಂದಿದ್ದಳು. ಯಾರಿಗೋ ಮಾಡಿದ ಹೊಸ ಗಂಟೆಯನ್ನು ನಾನು ಪರೀಕ್ಷೆ ಮಾಡುತ್ತಿದ್ದೆ. ಅವಳು ಬಂದದ್ದು ನೋಡಿರಲಿಲ್ಲ. ಸ್ವಿಚ್ ಒತ್ತಿದೆ. ಗಂಟೆ ಹೊಡೆಯಿತು, ಹಿಂದೆ ಬುತ್ತಿ ಡಬ್ಬಿ ಬಿದ್ದ ಸದ್ದು. ತಿರುಗಿದರೆ ಮಗಳು ನೆಲದ ಪರಸಿ ಕಲ್ಲಿನ ಮೇಲೆ ಬಿದ್ದಿದ್ದಳು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಗಂಟಲಲ್ಲಿ ಗೊರಗೊರ.

ಆ ಸದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಆದರೆ ಕೇಳಿದ ಕೂಡಲೆ ಗುರುತಿಸಿದೆ. ಒಬ್ಬ ಹೆಣ್ಣುಮಗಳು ಎರಡು ವರ್ಷದ ಹಿಂದೆ ಅದನ್ನು ನನಗೆ ಅಕ್ಷರಕ್ಕೆ ಅಕ್ಷರ ಹೇಳಿದ್ದಳು.

ನೀರು ಚಿಮುಕಿಸುವುದರೊಳಗೆ ಮಗಳು ತಾನೇ ಕಣ್ಣು ಬಿಟ್ಟಳು, ದೇವರು ದೊಡ್ಡವನು. ಸಂಜೆಯೊಳಗೆ ಕಲಬುರಗಿಯ ಹೃದಯದ ಡಾಕ್ಟರ ಮುಂದೆ ಕೂತಿದ್ದೆವು. ವಯಸ್ಸಾದ ಹೆಣ್ಣುಮಗಳು ಆ ಡಾಕ್ಟರು, ನಮ್ಮ ಕಡೆಯವರೇ. ಇಸಿಜಿ ತೆಗೆಸಿ, ಆ ಉದ್ದನೆಯ ಕಾಗದವನ್ನು ಬಹಳ ಹೊತ್ತು ನೋಡಿದರು.

“ನಿಮ್ಮ ಮನ್ಯಾಗ ಯಾರರ ಮಲಗಿದಲ್ಲೇ ತೀರಿಕೊಂಡಾರೇನು?”

ಎಲ್ಲ ಹೇಳಿದೆ. ಗಂಟೆ, ಜಿಗಿದದ್ದು, ಗೊರಗೊರ. ಆಮೇಲೆ ನನ್ನದೂ ಇಸಿಜಿ ತೆಗೆಸಿದರು. ಮಗಳಷ್ಟಿಲ್ಲದಿದ್ದರೂ ನನ್ನದರಲ್ಲೂ ಆ ಗುರುತು ಇತ್ತು.

“ಎದಿ ನಡಸೂದೂ ಒಂದು ನಮೂನಿ ಕರೆಂಟ್. ಪ್ರತಿ ಬಡಿತ ಆದ ಮ್ಯಾಲ ಅದು ಮತ್ತ ತಯಾರಾಗಬೇಕು. ನಿಮ್ಮ ಮನಿತನದಾಗ ತಯಾರಾಗಾಕ ಹೊತ್ತು ಹಿಡೀತದ. ಹಂತಾದ್ರಾಗ ಸಪ್ಪಳ ಆಗಿ ಗಾಬರಿ ಆದ್ರ ತಾಳ ತಪ್ತದ. ಒಮ್ಮೊಮ್ಮೆ ತಾನೇ ಸರಿ ಆಗ್ತದ, ಮಗಳಿಗಿ ಆದಂಗ. ಒಮ್ಮೊಮ್ಮೆ ಆಗೂದಿಲ್ಲ.”

“ಅಂವಾ ಗಟ್ಟಿಮುಟ್ಟಾಗಿದ್ದರಿ.”

“ಗಟ್ಟಿಮುಟ್ಟಾಗಿ ಇದ್ದವರೇ ಹಿಂಗ ಹೋಗ್ತಾರ. ಇದೊಂದೇ ಅಂತಲ್ಲ. ಎದಿ ಮಾಂಸ ದಪ್ಪ ಆಗಿರ್ತದ, ರಕ್ತದ ನಳಿಗಿ ಕಟ್ಟಿರ್ತದ, ನಿದ್ದ್ಯಾಗ ಫಿಟ್ಸ್ ಬರ್ತದ, ಜೋರು ಗೊರಕಿ ಹೊಡದು ಉಸರು ನಿಂತು ನಿಂತು ಎದಿ ಸೋತಿರ್ತದ, ತಲ್ಯಾಗ ನರ ಒಡೀತದ. ನಿಮ್ಮ ತಮ್ಮಂದು ಇದೇ ಅಂತ ನಾ ಈಗ ಆಣಿ ಮಾಡಿ ಹೇಳಾಕ ಬರೂದಿಲ್ಲ. ಆದ್ರ ಮಗಳದು ನೋಡಿದ್ರ ಇದೇ ಇರಬೇಕು. ಪೋಸ್ಟ್‌ಮಾರ್ಟಂ ಆಗಿತ್ತೇನು?”

“ನಾನೇ ಬ್ಯಾಡ ಅಂದೆರಿ.”

“ಮಾಡಿಸಿದ್ರೂ ಇದು ಕಾಣ್ತಿರಲಿಲ್ಲ. ತಾಳ ತಪ್ಪಿದ್ದು ಹೆಣದಾಗ ಸಿಗೂದಿಲ್ಲ. ಆದ್ರ ಬ್ಯಾರೇ ಏನೂ ಇಲ್ಲಂತ ಗೊತ್ತಾಗ್ತಿತ್ತು. ಮನಿಯವರೆಲ್ಲ ಆವಾಗೇ ತಪಾಸ ಮಾಡಿಸ್ಕೊಂತಿದ್ರಿ.”

ಬ್ಯಾರೇ ಏನೂ ಇಲ್ಲಂತ. ನಾನು ಬೆನ್ನಿನ ವಿಷಯ ಕೇಳಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು, ಇಂಥ ಪ್ರಶ್ನೆಯ ಹಿಂದೆ ಏನಿರುತ್ತದೆ ಎಂದು ಅವರಿಗೆ ಗೊತ್ತಿತ್ತು ಅನಿಸುತ್ತದೆ.

“ಎದಿ ನಿಂತ ಮ್ಯಾಲ ರಕ್ತ ಎಲ್ಲಿ ಹೋಗ್ತದ? ತೆಳಗ ಇಳೀತದ. ಅಂಗಾತ ಮಲಗಿದವರಿಗಿ ಬೆನ್ನಿಗಿ ಇಳೀತದ. ಒತ್ತಿದಲ್ಲಿ ಬೆಳ್ಳಗ, ಉಳದಲ್ಲಿ ನೀಲಿ. ನಾ ಸತ್ರೂ ಹಂಗೇ, ನೀವು ಸತ್ರೂ ಹಂಗೇ. ಯಾರಿಗರ ಏನರ ಅಂದ್ರೇನು ಅದಕ್ಕ?”

ನಮ್ಮ ರಕ್ತದಲ್ಲಿ ಇದ್ದದ್ದನ್ನು ಹೊರಗಿನಿಂದ ಬಂದ ಹೆಣ್ಣಿನ ತಲೆಗೆ ಕಟ್ಟಿದ್ದೆವು. ಅವಳ ಮಗಳಲ್ಲೂ ಇದೇ ರಕ್ತ ಇದೆ, ಕೂಡಲೇ ಕರೆತನ್ನಿ ಎಂದರು ಡಾಕ್ಟರು. ನನ್ನ ಮಗಳಿಗೆ ಗುಳಿಗೆ ಬರೆದರು, ಒಂದು ದಿನವೂ ತಪ್ಪಿಸಬಾರದು ಎಂದರು. ಹಾಸಿಗೆಯ ಹತ್ತಿರ ಗಂಟೆ, ಅಲಾರಂ ಇಡಬಾರದು.

ಮರುದಿನ ಇಜೇರಿಗೆ ಹೋದೆ. ಬೈಕಿನ ಮೇಲೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅವಳು ಅಣ್ಣನ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಿಷಿನ್ ಹಾಕಿಕೊಂಡು ಜಂಪರ್ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಕಾಲು ನಿಲ್ಲಿಸಿದಳು, ಎದ್ದು ನೀರು ತಂದು ಮುಂದಿಟ್ಟಳು. ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. ಮಗಳ ಸುದ್ದಿಯಿಂದ ಶುರು ಮಾಡಿ ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ಅವಳು ಅಳಲಿಲ್ಲ.

“ಗಂಟಿ ಹೊಡೀತು ಅಂತ ನಾ ಅವತ್ತೇ ಹೇಳಿದ್ದೆ” ಅಂದಳು.

“ಹೇಳಿದ್ದಿ.”

“ನೀವು ಒಳಗ ನಡಿ ಅಂದ್ರಿ.”

“ಅಂದೆ. ತಪ್ಪಾತವ್ವಾ.”

“ನಾಳಿ ಎಷ್ಟೊತ್ತಿಗಿ ಹೋಗೂದು?” ಮಗಳನ್ನು ತೋರಿಸುವುದರ ಬಗ್ಗೆ ಅವಳು ಕೇಳಿದ್ದು ಅಷ್ಟೇ. ಅದಕ್ಕೆ ಅವಳು ಯಾವ ಶರತ್ತೂ ಹಾಕಲಿಲ್ಲ, ನಮ್ಮಂಥವಳಲ್ಲ.

ಮಗುವಿನ ಇಸಿಜಿ ಸರಿ ಇತ್ತು. ಆದರೂ ವರ್ಷಕ್ಕೊಮ್ಮೆ ತೋರಿಸಬೇಕು ಎಂದರು. ದವಾಖಾನೆಯ ಹೊರಗೆ ಮಗುವಿಗೆ ಬಾಳೆಹಣ್ಣು ಕೊಡಿಸುತ್ತ, ಊರಿಗೆ ಬಂದುಬಿಡು, ಹೊಲದಲ್ಲಿ ನಿನ್ನ ಪಾಲು ಇದೆ ಎಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದೆನೋ ಏನೋ.

“ಹೊಲ ನಂದೇ ಅದರಿ, ಅದನ್ನ ನೀವು ಕೊಡಬೇಕಂತಿಲ್ಲ,” ಅಂದಳು. “ನನಗ ಬ್ಯಾರೇ ಒಂದು ಬೇಕು. ಮಂದಿ ಕೂಡಿದಲ್ಲಿ ಒಳಗ ನಡಿ ಅಂದ್ರಿ. ಮಂದಿ ಕೂಡಿದಲ್ಲೇ ಹೇಳ್ರಿ, ಇಕಿ ಏನೂ ಮಾಡಿಲ್ಲ ಅಂತ. ನಿಮ್ಮ ಮಾವ ಇರೂಮುಂದ.”

ಹದಿನೈದು ದಿನಕ್ಕೆ ಮಾವನ ಮೊಮ್ಮಗಳ ಕುಬಸ ಬಂತು. ಬಂಧು ಬಳಗವೆಲ್ಲ ಕೂಡಿತ್ತು. ಕೊಳಕೂರಿನ ಕಟ್ಟೆಯ ಮೇಲೆ ಕೂತಿದ್ದ ಮುಖಗಳಲ್ಲಿ ಅರ್ಧ ಅಲ್ಲೂ ಇದ್ದವು, ಹೋಳಿಗೆಯ ಮೇಲೆ ತುಪ್ಪ ಸುರಿಸಿಕೊಳ್ಳುತ್ತ. ಬಸುರಿಯ ಉಡಿ ತುಂಬುವ ದಿನ ಸಾವಿನ ಮಾತು ಆಡಬಾರದು. ಅದಕ್ಕೆ ಆರತಿಯಾಗಿ, ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ, ಗಂಡಸರ ಪಂಕ್ತಿ ಕೂತ ಮೇಲೆ ಎದ್ದು ನಿಂತೆ. ಎಲ್ಲ ಹೇಳಿದೆ. ಬೆನ್ನು ಯಾಕೆ ನೀಲಿ ಆಗುತ್ತದೆ ಎಂದೂ, ಬೇನೆ ನಮ್ಮ ಮನೆತನದ್ದು ಎಂದೂ, ಗಂಟೆ ಹೊಡೆದದ್ದಕ್ಕೆ ಹೀಗಾಗಿದ್ದೀತು ಎಂದೂ. “ಆಕಿ ಏನೂ ಮಾಡಿಲ್ಲ. ಮಾಮಾ, ನೀ ಅಂದದ್ದು ಸುಳ್ಳು. ಸುಮ್ಮನಿದ್ದ ನಾನೂ ಸುಳ್ಳ.”

ಮಾವ ಹೋಳಿಗೆಯ ತುಂಡನ್ನು ಬಾಯಿಗಿಟ್ಟುಕೊಂಡು, ನಿಧಾನವಾಗಿ ನುಂಗಿ, ಬೆರಳು ನೆಕ್ಕಿಕೊಂಡ.

“ನಾ ಎಲ್ಲಿ ಅಂದೇನಪಾ? ಮಂದಿ ಅಂದ್ರು, ನಾ ಕೇಳಿದೆ.” ಆಮೇಲೆ ಪಕ್ಕದವನ ಕಡೆ ತಿರುಗಿ, “ಆದ್ರ ಒಂದು ಮಾತು ನೋಡು. ಆ ಗಂಟಿ ಮಾಡಿದವ ಯಾರು? ಇಂವಾ. ತಲಿ ಮ್ಯಾಲ ಹೊಡದವ ಯಾರು? ಇಂವಾ. ಹಂಗಾರ ತಮ್ಮನ್ನ ಕೊಂದವ ಯಾರಾದಂಗಾತು?”

“ಹೌದಲ್ಲೋ!” ಎಂದಿತು ಪಂಕ್ತಿಯ ಆ ತುದಿ. ಇನ್ನೊಬ್ಬ, “ಹೊಲಕ್ಕಾಗಿ ಮಾಡಿರಬೇಕು ಬಿಡು” ಎಂದ, ನಗೆಯೋ ಖರೆಯೋ ತಿಳಿಯದ ಹಾಗೆ. ತುಪ್ಪದ ಗಿಂಡಿ ಮತ್ತೆ ನಡೆಯತೊಡಗಿತು. ಎರಡು ವರ್ಷ ಹೆಣ್ಣುಮಗಳೊಬ್ಬಳ ಮೇಲೆ ಕೂತಿದ್ದ ನೊಣಗಳು ಎದ್ದು ಬಂದು ನನ್ನ ಮೇಲೆ ಕೂತವು, ಅಷ್ಟೇ. ಅವಕ್ಕೆ ಕೂರಲು ಏನಾದರೊಂದು ಬೇಕು. ಎಲೆಯ ಮುಂದೆ ಮತ್ತೆ ಕೂರಲಾಗದೆ ಹೊರಗೆ ಬಂದೆ. ಡಾಕ್ಟರು ಆಗಲೇ ಹೇಳಿದ್ದರು, ಎದೆ ಸರಿ ಇದ್ದವನನ್ನು ಗಂಟೆ ಕೊಲ್ಲುವುದಿಲ್ಲ, ನಿಮಗೆ ಗೊತ್ತಿರಲಿಲ್ಲ ಎಂದು. ಅದನ್ನು ಒಳಗೆ ಹೋಗಿ ಹೇಳೋಣವೆಂದು ಒಮ್ಮೆ ಅನಿಸಿತು. ಹೇಳಲಿಲ್ಲ.

ಬೈಕಿನ ಹತ್ತಿರ ನಿಂತು ಇಜೇರಿಗೆ ಫೋನ್ ಮಾಡಿದೆ.

“ಹೇಳಿದೆ ನೋಡವ್ವಾ. ಎಲ್ಲರ ಮುಂದ.”

ಮಿಷಿನ್ನಿನ ಸದ್ದು ನಿಂತಿತು. “ಮಂದಿ ಏನಂದ್ರು?”

“ನಾನೇ ಕೊಂದೆ ಅಂದ್ರು.”

ಫೋನ್ ಕಟ್ಟಾಯಿತೇನೋ ಎಂದು ತೆಗೆದು ನೋಡಿದೆ, ಇತ್ತು.

“ನಾ ಎರಡು ವರ್ಷ ಕೇಳೇನ್ರಿ ಭಾವಾರ,” ಅಂದಳು. “ಈಗ ನೀವು ಜರಾ ಕೇಳ್ರಿ.”